ಯಾರದೋ ಮನೆಯ ಹಬ್ಬ

ಹಬ್ಬದ ದಿನ ಸಂಜೆ, ಪೂಜೆ-ಊಟದ ಗಡಿಬಿಡಿ ಮುಗಿದ ಮೇಲೆ, ನಾನು ಹಳೆಯ ಕನ್ನಡ ಹಾಸ್ಯ ಧಾರಾವಾಹಿಗಳನ್ನು ಹಾಕಿಕೊಂಡು ಕೂರುತ್ತೇನೆ. ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’, ಹೀಗೆ ಯಾವುದು ಸಿಕ್ಕಿದರೂ ಸರಿ. ಹಬ್ಬದ ಕಂತು ಸಿಕ್ಕಿದರಂತೂ ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಆಗಷ್ಟೇ ಹಬ್ಬ ಆಗಿರುತ್ತದೆ. ಬಾಗಿಲಿಗೆ ಮಾವಿನ ತೋರಣ ಇರುತ್ತದೆ, ದೇವರ ಮುಂದಿನ ದೀಪಕ್ಕೆ ಇನ್ನೂ ಎಣ್ಣೆ ಇರುತ್ತದೆ. ಆದರೂ ಟಿವಿಯಲ್ಲಿ ಇನ್ನೊಬ್ಬರ ಮನೆಯ ಹಬ್ಬ ನೋಡಬೇಕು ಅನ್ನಿಸುತ್ತದೆ. ಇದು ಯಾಕೆ ಎಂದು ನನ್ನನ್ನೇ ಕೇಳಿಕೊಳ್ಳುತ್ತಾ ಬಂದಿದ್ದೇನೆ. ಬಾಲ್ಯದ ನೆನಪು ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು. ಆದರೆ ನನಗೆ ಅಷ್ಟು ಸಾಲದು. ಬಾಲ್ಯದಲ್ಲಿ ನೋಡಿದ್ದು ಇನ್ನೂ ಎಷ್ಟೋ ಇದೆ, ಅದನ್ನೆಲ್ಲ ನಾನು ಹುಡುಕಿಕೊಂಡು ಹೋಗುವುದಿಲ್ಲ. ಇದನ್ನೇ ಯಾಕೆ ಹುಡುಕುತ್ತೇನೆ ಎಂಬುದಕ್ಕೆ ಉತ್ತರ ಕಂಡುಕೊಳ್ಳಬೇಕು ಎಂದೇ ಇದನ್ನು ಬರೆಯುತ್ತಿದ್ದೇನೆ.

ನಗಿಸುವ ಸಂಸಾರಗಳು ಕನ್ನಡ ಕಿರುತೆರೆಗೆ ಹೊಸತಲ್ಲ. ದೂರದರ್ಶನದ ಕಾಲದಲ್ಲಿ ಬಂದ ರಮೇಶ್ ಭಟ್ ಅವರ ‘ಕ್ರೇಜಿ ಕರ್ನಲ್’ ಬಗ್ಗೆ ನಮ್ಮ ಮನೆಯ ಹಿರಿಯರು ಇವತ್ತಿಗೂ ಮಾತಾಡುತ್ತಾರೆ. ‘ಸಿಹಿ ಕಹಿ’ ಧಾರಾವಾಹಿಯಲ್ಲಿ ಜೊತೆಯಾಗಿ ಅಭಿನಯಿಸಿದ ಚಂದ್ರು ಮತ್ತು ಗೀತಾ ನಿಜ ಜೀವನದಲ್ಲೂ ಗಂಡ-ಹೆಂಡತಿ ಆದರು, ಧಾರಾವಾಹಿಯ ಹೆಸರು ಇಬ್ಬರ ಹೆಸರಿನ ಹಿಂದೆಯೂ ನಿಂತಿತು. 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ಶುರುವಾಯಿತು. ಆ ವಾಹಿನಿಯಲ್ಲಿ ಸಿಹಿ ಕಹಿ ಚಂದ್ರು ‘ಪಾಪ ಪಾಂಡು’ ತಂದರು. ಚಿದಾನಂದ್ ಪಾಂಡು ಆದರು, ಶಾಲಿನಿ ಪಾಚು ಆದರು. ಅದೇ ವಾಹಿನಿಗೆ ವಿಜಯಪ್ರಸಾದ್ ‘ಸಿಲ್ಲಿ ಲಲ್ಲಿ’ ಮಾಡಿದರು. ಅದರಲ್ಲಿ ರವಿಶಂಕರ್ ಡಾಕ್ಟರ್ ವಿಠಲರಾವ್, ಮಂಜುಭಾಷಿಣಿ ಸಮಾಜ ಸೇವಕಿ ಲಲಿತಾಂಬ. 2015ರಲ್ಲಿ ಈಟಿವಿ ಕನ್ನಡ ಹೋಗಿ ಕಲರ್ಸ್ ಕನ್ನಡ ಆಯಿತು. 2018ರಲ್ಲಿ ಪಾಂಡು ಮತ್ತು ಪಾಚು ಕಲರ್ಸ್ ಸೂಪರ್‌ನಲ್ಲಿ ಮತ್ತೆ ಬಂದರು. ಅಷ್ಟು ವರ್ಷ ಆದ ಮೇಲೂ ಜನ ಅವರನ್ನು ಗುರುತು ಹಿಡಿದು ಒಳಗೆ ಕರೆದುಕೊಂಡರು.

ಇವು ದಿನನಿತ್ಯದ ಧಾರಾವಾಹಿಗಳು. ಚಿತ್ರೀಕರಣಕ್ಕೂ ಪ್ರಸಾರಕ್ಕೂ ನಡುವೆ ಕೆಲವೇ ದಿನಗಳ ಅಂತರ. ಹೀಗಾಗಿ ದಿನದ ಧಾರಾವಾಹಿಗಳು ಪಂಚಾಂಗದ ಜೊತೆಗೇ ಹೆಜ್ಜೆ ಹಾಕುತ್ತವೆ. ನಮ್ಮ ಮನೆಗೆ ಗಣಪತಿ ಬಂದಾಗ ಅವರ ಮನೆಗೂ ಗಣಪತಿ ಬರುತ್ತಾನೆ, ನಾವು ಎಣ್ಣೆ ಸ್ನಾನ ಮಾಡುವ ಹೊತ್ತಿಗೆ ಅವರ ಮನೆಯಲ್ಲೂ ಹಂಡೆಗೆ ನೀರು ತುಂಬಿರುತ್ತದೆ. ಹಾಸ್ಯ ಧಾರಾವಾಹಿಯ ಹಬ್ಬದ ಕಂತಿಗೆ ದೊಡ್ಡ ಕತೆ ಏನೂ ಬೇಕಿಲ್ಲ. ಯಾರೋ ಏನನ್ನೋ ಮರೆತಿರುತ್ತಾರೆ, ಕರೆಯದವರು ಬಂದು ಕೂರುತ್ತಾರೆ, ಅಡುಗೆ ಒಂದಕ್ಕೆರಡು ಆಗುತ್ತದೆ ಅಥವಾ ಕೆಡುತ್ತದೆ, ಗಂಡ ಹೆಂಡತಿ ಜಗಳ ಆಡುತ್ತಾರೆ, ಕೊನೆಗೆ ಎಲ್ಲರೂ ಒಂದೇ ಹಾಲ್‌ನಲ್ಲಿ ಸೇರುತ್ತಾರೆ. ದಿನವೂ ಕಂತು ಕೊಡಬೇಕಾದ ತಂಡಕ್ಕೆ ಊರೆಲ್ಲ ಸುತ್ತಿ ಚಿತ್ರೀಕರಿಸುವ ಸಮಯವೂ ಇಲ್ಲ, ದುಡ್ಡೂ ಇಲ್ಲ. ಆದ್ದರಿಂದ ಹೆಚ್ಚುಕಮ್ಮಿ ಎಲ್ಲವೂ ಒಂದೇ ಮನೆಯೊಳಗೆ ನಡೆಯಬೇಕು. ಕತೆ ಆ ಮನೆಯೊಳಗೆ ಬರಬೇಕಾದರೆ ಬಾಗಿಲಿನಿಂದಲೇ ಬರಬೇಕು. ಅದಕ್ಕೇ ಇಂಥ ಧಾರಾವಾಹಿಗಳ ಮನೆಯ ಮುಂಬಾಗಿಲಿಗೆ ಚಿಲಕ ಹಾಕಿದ್ದನ್ನು ನಾವು ನೋಡುವುದೇ ಅಪರೂಪ. ವಿಠಲರಾಯರದ್ದು ಡಾಕ್ಟರ ಮನೆ, ಅಲ್ಲಿಗೆ ಯಾರು ಯಾವಾಗ ಬೇಕಾದರೂ ನುಗ್ಗಬಹುದು. ಬಾಗಿಲು ಮುಚ್ಚಿದರೆ ನಗು ನಿಂತಂತೆ.

ಈ ಬಾಗಿಲಿನ ವಿಷಯ ನನಗೆ ತಡವಾಗಿ ಹೊಳೆಯಿತು. ಹೊಳೆದ ಮೇಲೆ, ನಾನು ಆ ಕಂತುಗಳನ್ನು ಮೊದಲು ನೋಡಿದ್ದು ಎಲ್ಲಿ ಎಂಬುದೂ ನೆನಪಾಯಿತು.

ನಮ್ಮಪ್ಪ ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಲೇತ್ ಆಪರೇಟರ್. 1970ರ ದಶಕದ ಕೊನೆಯಲ್ಲಿ ರೂಪುಗೊಂಡ ಆ ಕೈಗಾರಿಕಾ ಪ್ರದೇಶದಲ್ಲಿ ಹೆಸರಾಂತ ಫ್ಯಾಕ್ಟರಿಗಳಿಗಿಂತ ಇಂಥ ಸಣ್ಣ ಶೆಡ್‌ಗಳೇ ಹೆಚ್ಚು. ಒಂದು ಶಟರ್, ನಾಲ್ಕೈದು ಮೆಷಿನ್, ಹತ್ತು ಜನ ಕೆಲಸದವರು. ನಮ್ಮ ಮನೆ ದಾಸರಹಳ್ಳಿಯ ಒಂದು ವಠಾರದಲ್ಲಿ. ಮನೆಯಲ್ಲಿ ಟಿವಿ ಇತ್ತು, ಕೇಬಲ್ ಇರಲಿಲ್ಲ. ಈಟಿವಿ ನೋಡಬೇಕು ಎಂದರೆ ಮುಂದಿನ ದೊಡ್ಡ ಮನೆಗೆ, ಓನರ್ ಆಂಟಿಯ ಮನೆಗೆ ಹೋಗಬೇಕು. ಸಂಜೆ ಅವರು ಬಾಗಿಲ ಪರದೆಯನ್ನು ಎತ್ತಿ ಕದದ ಮೇಲೆ ಹಾಕುತ್ತಿದ್ದರು. ಅದು ಬರಬಹುದು ಎಂಬುದಕ್ಕೆ ಗುರುತು. ಹೊಸ್ತಿಲ ಒಳಗೆ ಒಂದು ಚಾಪೆ ಹಾಸಿರುತ್ತಿತ್ತು. ವಠಾರದ ಮಕ್ಕಳೆಲ್ಲ ಅಲ್ಲಿ, ಹೆಂಗಸರು ಬಾಗಿಲ ಚೌಕಟ್ಟಿಗೆ ಒರಗಿಕೊಂಡು, ಗಂಡಸರು ಯಾರಾದರೂ ಬಂದರೆ ಹೊರಗಿನ ಜಗುಲಿಯಲ್ಲಿ. “ಸೌಂಡ್ ಸ್ವಲ್ಪ ಜಾಸ್ತಿ ಕೊಡಿ ಆಂಟಿ, ಕೇಳ್ತಿಲ್ಲ” ಎಂದು ಜಗುಲಿಯಿಂದ ಕೂಗು ಬಂದರೆ ಅವರು ಎದ್ದು ಹೋಗಿ ಸೌಂಡ್ ಏರಿಸಿ ಬರುತ್ತಿದ್ದರು. ಪಾಂಡು ಪೇಚಿಗೆ ಸಿಕ್ಕಿಕೊಂಡಾಗ ಮೂರು ಕಡೆಯಿಂದ ನಗು ಕೇಳುತ್ತಿತ್ತು, ಒಳಗಿನದು, ಹೊಸ್ತಿಲಿನದು, ಹೊರಗಿನದು. ಅಂದರೆ ನಾನು ಟಿವಿಯಲ್ಲಿ ತೆರೆದ ಬಾಗಿಲಿನ ಮನೆಯನ್ನು ನೋಡಿದ್ದೇ ಒಂದು ತೆರೆದ ಬಾಗಿಲಿನಲ್ಲಿ ಕೂತು.

ಹಬ್ಬ ಎಂದರೆ ನನ್ನ ಮನಸ್ಸಿಗೆ ಬರುವ ಇನ್ನೊಂದು ಬಾಗಿಲು ಅಪ್ಪನ ಶೆಡ್ಡಿನದು. ಮಿಕ್ಕ ದಿನ ಶಟರ್ ಅರ್ಧಕ್ಕೆ ಇಳಿಬಿಟ್ಟಿರುತ್ತಿತ್ತು, ಬಗ್ಗಿ ಒಳಗೆ ಹೋಗಬೇಕು. ಆಯುಧ ಪೂಜೆಗೆ ಮಾತ್ರ ಪೂರ್ತಿ ಮೇಲೆ. ಹಿಂದಿನ ದಿನವೇ ಮೆಷಿನ್ ನಿಲ್ಲಿಸಿ, ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಜಿಡ್ಡು ತೆಗೆದು, ಕೆಳಗೆ ಬಿದ್ದ ಕಬ್ಬಿಣದ ಸುರುಳಿಗಳನ್ನೆಲ್ಲ ಗುಡಿಸಿ ಮೂಟೆ ಕಟ್ಟಿರುತ್ತಿದ್ದರು. ಬೆಳಿಗ್ಗೆ ಬಾಳೆಕಂದು, ಚೆಂಡು ಹೂವಿನ ಮಾಲೆ. ಅಪ್ಪ ತನ್ನ ಲೇತಿನ ಚಕ್ಕಿಗೆ ಮೂರು ಪಟ್ಟೆ ವಿಭೂತಿ ಎಳೆದು ನಡುವೆ ಕುಂಕುಮ ಇಡುತ್ತಿದ್ದ. ಮೈಕ್ರೋಮೀಟರ್, ವರ್ನಿಯರ್ ಕ್ಯಾಲಿಪರ್, ಸ್ಪ್ಯಾನರ್‌ಗಳು ಒಂದು ಸ್ಟೀಲ್ ತಟ್ಟೆಯಲ್ಲಿ ಸಾಲಾಗಿ, ಅದರ ಮೇಲೆ ಬಿಡಿ ಹೂವು. ಶಟರ್ ಎದುರು ಬೂದುಗುಂಬಳಕಾಯಿ ಒಡೆದರೆ ಕುಂಕುಮದ ನೀರು ರಸ್ತೆಯವರೆಗೆ ಹರಿಯುತ್ತಿತ್ತು. ಆಮೇಲೆ ಕಡ್ಲೆಪುರಿ, ಬೂಂದಿ, ಬಾಳೆಹಣ್ಣು. ಪಕ್ಕದ ಪೌಡರ್ ಕೋಟಿಂಗ್ ಶೆಡ್ಡಿನವರು ಬರುತ್ತಿದ್ದರು, ಟೀ ಅಂಗಡಿಯ ಹುಡುಗ ಬರುತ್ತಿದ್ದ, ಲಗೇಜ್ ಆಟೋದವರು ತಮ್ಮ ಗಾಡಿಗೂ ಒಂದು ಮಂಗಳಾರತಿ ಮಾಡಿಸಿಕೊಂಡು ಹೋಗುತ್ತಿದ್ದರು. ಯಾರನ್ನೂ ಯಾರೂ ಕರೆದಿರಲಿಲ್ಲ. ಶಟರ್ ಮೇಲಿತ್ತು, ಬಂದರು. ಬಂದವರ ಕೈಗೆಲ್ಲ ಪೇಪರ್ ಪೊಟ್ಟಣದಲ್ಲಿ ಕಡ್ಲೆಪುರಿ. ನಮ್ಮ ಅಪ್ಪ ಒಬ್ಬ ಯಜಮಾನನ ಹಾಗೆ “ಬನ್ನಿ ಬನ್ನಿ, ತಗೊಳ್ಳಿ” ಎಂದು ಉಪಚಾರ ಮಾಡುತ್ತಿದ್ದುದನ್ನು ನಾನು ನೋಡುತ್ತಿದ್ದುದು ವರ್ಷದಲ್ಲಿ ಆ ಒಂದು ದಿನ ಮಾತ್ರ.

ಶೆಡ್ಡಿನವರಿಗೆ ಸಿಗುವ ಇಂಥ ಹಬ್ಬದ ರಜೆಗೂ ನಮ್ಮ ರಾಜ್ಯದಲ್ಲಿ ಕಾನೂನಿನ ಲೆಕ್ಕ ಇದೆ. 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯ ಪ್ರಕಾರ ಕರ್ನಾಟಕದ ಕೈಗಾರಿಕಾ ಸಂಸ್ಥೆಗಳಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1 ಕಡ್ಡಾಯ ರಜೆ. ಅದರ ಮೇಲೆ ಇನ್ನು 5 ಹಬ್ಬಗಳಿಗೆ ರಜೆ ಕೊಡಬೇಕು. ರಜೆಯ ದಿನ ದುಡಿಸಿಕೊಂಡರೆ ಎರಡು ಪಟ್ಟು ಕೂಲಿ, ಇಲ್ಲವೇ ಕೂಲಿಯ ಜೊತೆಗೆ ಬದಲಿ ರಜೆ. ಅಪ್ಪನ ಶೆಡ್ಡಿನಲ್ಲಿ ಆ ಐದು ಎಂದರೆ ಸಂಕ್ರಾಂತಿ, ಯುಗಾದಿ, ಗಣೇಶ, ಆಯುಧ ಪೂಜೆ, ದೀಪಾವಳಿ. ಅಮ್ಮನಿಗೆ ವರಮಹಾಲಕ್ಷ್ಮಿ ಎಲ್ಲಕ್ಕಿಂತ ದೊಡ್ಡ ಹಬ್ಬ, ಆದರೆ ಅಪ್ಪ ಆವತ್ತು ಕೆಲಸಕ್ಕೆ ಹೋಗುತ್ತಿದ್ದ, ಸಂಜೆ ಬಂದು ಕೈಕಾಲು ತೊಳೆದು ನಮಸ್ಕಾರ ಮಾಡುತ್ತಿದ್ದ. ದುಡಿಯುವ ಮನೆಗಳಲ್ಲಿ ಹಬ್ಬ ದೊಡ್ಡದೋ ಸಣ್ಣದೋ ಎಂಬುದನ್ನು ಕೊನೆಗೆ ತೀರ್ಮಾನ ಮಾಡುವುದು ನೋಟಿಸ್ ಬೋರ್ಡಿನ ಆ ಪಟ್ಟಿ.

ನನ್ನ ಕೆಲಸ ವೈಟ್‌ಫೀಲ್ಡ್ ಕಡೆ. ಅಮೆರಿಕದ ಗ್ರಾಹಕರ ಸಾಫ್ಟ್‌ವೇರ್ ಕೆಟ್ಟರೆ ರಿಪೇರಿ ಮಾಡುವ ತಂಡದಲ್ಲಿದ್ದೇನೆ. ನಮ್ಮ ಪಟ್ಟಿಯಲ್ಲೂ ಹಬ್ಬಗಳಿವೆ. ಆದರೆ ಯುಗಾದಿಯ ದಿನವೂ ಯಾರಾದರೊಬ್ಬರು ಆನ್‌ಕಾಲ್ ಇರಲೇಬೇಕು, ಒಬ್ಬಟ್ಟು ಬೇಯಿಸುವ ಕೈಯ ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದಿರುತ್ತದೆ. ನಮಗೆ ನಿಜವಾಗಿ ಉಸಿರು ಬಿಡುವ ದಿನ ಬರುವುದು ನವೆಂಬರ್‌ನ ನಾಲ್ಕನೆಯ ಗುರುವಾರ. ಆವತ್ತು ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ದೂರಿನ ಟಿಕೆಟ್‌ಗಳು ಬರುವುದಿಲ್ಲ, ಫೋನ್ ಸುಮ್ಮನಿರುತ್ತದೆ, ಆಫೀಸಿನಲ್ಲಿ ಎಲ್ಲರೂ ಒಂದೇ ಟೇಬಲ್ಲಿಗೆ ಬಿರಿಯಾನಿ ತರಿಸುತ್ತಾರೆ. ಆ ಹಬ್ಬ ಏನು ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ತಿಳಿದದ್ದೇ ‘ಫ್ರೆಂಡ್ಸ್’ ನೋಡಿ. 1994ರಿಂದ 2004ರವರೆಗೆ ನಡೆದ ಆ ಹಾಸ್ಯ ಧಾರಾವಾಹಿಯಲ್ಲಿ ಹೆಚ್ಚುಕಮ್ಮಿ ಪ್ರತಿ ವರ್ಷವೂ ಥ್ಯಾಂಕ್ಸ್‌ಗಿವಿಂಗ್‌ಗೆ ಒಂದು ಕಂತು ಇತ್ತು. ಮೊದಲ ವರ್ಷದ್ದು ನನಗೆ ತುಂಬ ಹತ್ತಿರದ್ದು. ಪ್ರತಿಯೊಬ್ಬರ ಹಬ್ಬದ ಯೋಜನೆಯೂ ಒಂದೊಂದು ಕಾರಣಕ್ಕೆ ಕೆಡುತ್ತದೆ. ಹಾರಿಹೋದ ಮೆರವಣಿಗೆಯ ಬಲೂನ್ ನೋಡಲು ಎಲ್ಲರೂ ಮಹಡಿಗೆ ಓಡುತ್ತಾರೆ, ಬೀಗದ ಕೈ ಇಲ್ಲದೆ ತಮ್ಮ ಮನೆಯ ಹೊರಗೇ ಉಳಿಯುತ್ತಾರೆ, ಒಳಗೆ ಅಡುಗೆ ಸೀದು ಹೋಗುತ್ತದೆ. ಕೊನೆಗೆ ಚೀಸ್ ಸ್ಯಾಂಡ್‌ವಿಚ್ ತಿಂದು ಹಬ್ಬ ಮಾಡುತ್ತಾರೆ. ಅವರೂ ಊರು ಬಿಟ್ಟು, ಮನೆಯವರನ್ನು ಬಿಟ್ಟು, ಬಾಡಿಗೆ ಮನೆಯಲ್ಲಿರುವ ದುಡಿಯುವ ಮಕ್ಕಳು. ಅವರಲ್ಲೊಬ್ಬಳಾದ ಮಾನಿಕಾಳ ಮನೆಗೂ ಉಳಿದವರು ಬೆಲ್ ಮಾಡದೆ ನುಗ್ಗುತ್ತಾರೆ. ನ್ಯೂಯಾರ್ಕಿನ ಆ ಮನೆಗೂ ದಾಸರಹಳ್ಳಿಯ ಓನರ್ ಆಂಟಿಯ ಮನೆಗೂ ಸಂಬಂಧ ಇರುವುದು ಅಷ್ಟರಲ್ಲೇ. ನನ್ನನ್ನು ಎರಡೂ ಕಡೆಗೆ ಎಳೆಯುವುದೂ ಅದೇ.

ಈಗ ನಾನಿರುವುದು ಕಾಡುಗೋಡಿ ಹತ್ತಿರದ ಒಂದು ಅಪಾರ್ಟ್‌ಮೆಂಟ್. 2023ರಲ್ಲಿ ಮೆಟ್ರೋ ಇಲ್ಲಿಗೂ ಬಂತು, ಪೀಣ್ಯದ ಕಡೆಗೆ 2014ರಲ್ಲೇ ಬಂದಿತ್ತು. ಮೆಜೆಸ್ಟಿಕ್‌ನಲ್ಲಿ ಒಮ್ಮೆ ಬದಲಾಯಿಸಿದರೆ ಅಮ್ಮನ ಮನೆ. ದಾರಿ ಹತ್ತಿರವಾಗಿದೆ. ಆದರೆ ನನ್ನ ಮನೆಗೆ ಯಾರಾದರೂ ಬರಬೇಕಾದರೆ ಮೊದಲು ಗೇಟಿನಲ್ಲಿ ಹೆಸರು, ನಂಬರ್ ಕೊಡಬೇಕು. ನನ್ನ ಮೊಬೈಲಿನ ಆ್ಯಪ್‌ನಲ್ಲಿ ಅವರ ಫೋಟೊ ಬರುತ್ತದೆ, ನಾನು ಒಪ್ಪಿಗೆ ಒತ್ತಬೇಕು. ಅಮ್ಮ ಬಂದರೂ ಇದೇ. ಗಣೇಶನ ಹಬ್ಬದ ದಿನ ನಮ್ಮ ಮನೆಗೆಲಸದಾಕೆಗೆ ಒಂದು ಡಬ್ಬಿ ಕಡುಬು ಹಾಕಿ ಕೊಟ್ಟೆ. ಸ್ವಲ್ಪ ಹೊತ್ತಿಗೆ ಗೇಟಿನಿಂದ ಫೋನ್: “ಮೇಡಂ, ಅಕ್ಕನ ಬ್ಯಾಗಲ್ಲಿ ಒಂದು ಡಬ್ಬಿ ಐತಿ, ನೀವೇ ಕೊಟ್ಟೀರೇನ್ರೀ?” ಕಾವಲಿನವರು ಕಲಬುರಗಿ ಕಡೆಯವರು. ಕೇಳುವಾಗ ಅವರ ದನಿಯಲ್ಲೇ ಸಂಕೋಚ ಇತ್ತು. ನಿಯಮ ಅವರು ಮಾಡಿದ್ದಲ್ಲ. ಹೌದು, ನಾನೇ ಕೊಟ್ಟಿದ್ದು ಎಂದೆ. ಹಬ್ಬದ ಎಡೆಯ ಕಡುಬು ಗೇಟು ದಾಟಲು ನನ್ನ ಸಾಕ್ಷಿ ಬೇಕಾಯಿತು. ಆವತ್ತು ಸಂಜೆ ಕ್ಲಬ್‌ಹೌಸ್‌ನಲ್ಲಿ ದೊಡ್ಡ ಗಣಪತಿ, ಮೈಕು, ಮಕ್ಕಳ ಡ್ಯಾನ್ಸ್, ಪ್ರಸಾದದ ಕೌಂಟರ್ ಎಲ್ಲವೂ ಇತ್ತು, ಚೆನ್ನಾಗಿಯೂ ಇತ್ತು. ಅಲ್ಲಿಂದ ಬಂದು, ಬಾಗಿಲು ಹಾಕಿ, ಎಂದಿನಂತೆ ಹಳೆಯ ಕಂತು ಹಾಕಿಕೊಂಡೆ.

ಹಾಗಾದರೆ ನಾನು ಬಯಸುವುದು ಏನನ್ನು? ಪೂಜೆ, ಹೂವು, ಅಡುಗೆ ಯಾವುದಕ್ಕೂ ನನ್ನ ಮನೆಯಲ್ಲಿ ಕೊರತೆ ಇಲ್ಲ. ಹೇಳದೆ ಕೇಳದೆ ಯಾರಾದರೂ ಬರುವುದು, ಅದೊಂದು ಇಲ್ಲ. ಇಷ್ಟಕ್ಕೆ ನಿಲ್ಲಿಸಿದ್ದರೆ ಉತ್ತರ ಸುಲಭ ಇತ್ತು. ಗೇಟನ್ನು ಬೈದು, ಆ್ಯಪನ್ನು ಬೈದು, ಬೆಂಗಳೂರು ಕೆಟ್ಟಿತು ಎಂದು ಮುಗಿಸಬಹುದಿತ್ತು. ಆದರೆ ಇನ್ನೂ ಸ್ವಲ್ಪ ಒಳಗೆ ನೋಡಿಕೊಂಡರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ನನ್ನ ಹಂಬಲದಲ್ಲಿ ನಾನು ಯಾವತ್ತೂ ಚಾಪೆಯ ಮೇಲೆ ಕೂತ ಹುಡುಗಿಯೇ. ಯಾರೋ ಪರದೆ ಎತ್ತಿರುತ್ತಾರೆ, ಯಾರೋ ಚಾಪೆ ಹಾಸಿರುತ್ತಾರೆ, ಯಾರೋ ಸೌಂಡ್ ಏರಿಸುತ್ತಾರೆ. ನಾನು ನುಗ್ಗುತ್ತೇನೆ, ನಗುತ್ತೇನೆ, ಏಳುತ್ತೇನೆ, ಹೋಗುತ್ತೇನೆ. ಧಾರಾವಾಹಿ ನೋಡುವಾಗಲೂ ನನ್ನ ಮನಸ್ಸು ಬಂದವರ ಕಡೆಗೇ ಇರುತ್ತದೆ, ಮನೆಯವರ ಕಡೆಗಲ್ಲ. ನನಗೆ ತೆರೆದ ಬಾಗಿಲು ಬೇಕು, ಆದರೆ ಆ ಬಾಗಿಲು ಇನ್ನೊಬ್ಬರದ್ದಾಗಿರಬೇಕು. ಇದು ನನ್ನ ಬಗ್ಗೆ ನಾನು ಕಂಡುಕೊಂಡ ನಿಜ.

ಹಾಗೆ ಬಾಗಿಲು ತೆರೆದಿಡುವುದರಿಂದ ಓನರ್ ಆಂಟಿಗೆ ಏನು ಖರ್ಚಾಗುತ್ತಿತ್ತು ಎಂದು ಆಗ ನಮಗೆ ಗೊತ್ತಿರಲಿಲ್ಲ. ಈಗ ನನ್ನದೇ ಸಂಸಾರ ನಡೆಸುವಾಗ ಅರ್ಥ ಆಗುತ್ತದೆ. ದಿನವೂ ಸಂಜೆ ಹತ್ತಾರು ಜನರ ಕಾಲಿನ ಧೂಳು, ಮಕ್ಕಳ ಗಲಾಟೆ, ಸ್ವಂತ ಮನೆಯಲ್ಲಿ ಕಾಲು ಚಾಚಿ ಕೂರಲಾಗದ ಸ್ಥಿತಿ. ಹಬ್ಬದ ದಿನವಂತೂ ಬೆಳಿಗ್ಗೆ ನಾಲ್ಕಕ್ಕೆ ಎದ್ದ ಜೀವ ಸಂಜೆಯ ಹೊತ್ತಿಗೆ ಸೋತಿರುತ್ತಿತ್ತು. ಆದರೂ ಪರದೆ ಮೇಲೆ ಹೋಗುತ್ತಿತ್ತು. ನನ್ನ ಅಮ್ಮ ಹಬ್ಬದ ಕಂತನ್ನು ಕೂತು ಪೂರ್ತಿ ನೋಡಿದ್ದು ನನಗೆ ನೆನಪಿಲ್ಲ. ಚೌಕಟ್ಟಿಗೆ ಒರಗಿ ಅರ್ಧ ನೋಡಿ, ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದಳು. ಟಿವಿಯ ಹಬ್ಬದಲ್ಲಿ ಪಾತ್ರೆ ತೊಳೆಯುವ ದೃಶ್ಯ ಇರುವುದಿಲ್ಲ, ಎಲೆ ಎತ್ತುವ ದೃಶ್ಯವೂ ಇರುವುದಿಲ್ಲ. ನಗು ಮುಗಿಯುತ್ತಿದ್ದ ಹಾಗೆ ಕಂತು ಮುಗಿಯುತ್ತದೆ. ನಾನು ಆ ಕಂತುಗಳಿಂದ ಕಲಿತ ಹಬ್ಬದಲ್ಲಿ ಈ ಅರ್ಧ ಇರಲೇ ಇಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಆ ಬಾಗಿಲು ತೆರೆದಿತ್ತು ನಿಜ, ಎಲ್ಲಿಯವರೆಗೆ ಎಂಬುದೂ ಅಷ್ಟೇ ನಿಜ. ಹಾಲ್‌ವರೆಗೆ. ಅಡುಗೆಮನೆಯ ಹೊಸ್ತಿಲನ್ನು ನಮ್ಮಲ್ಲಿ ಯಾರೂ ದಾಟುತ್ತಿರಲಿಲ್ಲ. ದಾಟಬೇಡಿ ಎಂದು ಯಾರೂ ಹೇಳಿರಲಿಲ್ಲ, ಮಕ್ಕಳಿಗೂ ಗೊತ್ತಿತ್ತು. ವಠಾರದ ಹಿಂದಿನ ಸಾಲಿನ ಒಂದು ಮನೆಯವರು ಜಗುಲಿಯಿಂದ ಮುಂದೆ ಬರುತ್ತಿರಲಿಲ್ಲ. ಯಾಕೆ ಎಂದು ಆಗ ನಾನು ಕೇಳಲಿಲ್ಲ, ಈಗ ಕೇಳಬೇಕಾದ ಅಗತ್ಯವಿಲ್ಲ, ಉತ್ತರ ಎಲ್ಲರಿಗೂ ಗೊತ್ತಿರುವುದೇ. ಹಾಸ್ಯ ಧಾರಾವಾಹಿಯ ಮನೆಯಲ್ಲಿ ಇಂಥ ಗೆರೆಗಳು ಕಾಣುವುದಿಲ್ಲ. ನೋಡುತ್ತಾ ಕೂತ ನಮ್ಮ ನಡುವೆ ಮಾತ್ರ ಇದ್ದವು. ಹೀಗಿರುವಾಗ ಹಳೆಯ ವಠಾರವೇ ಸ್ವರ್ಗ, ಇಂದಿನ ಅಪಾರ್ಟ್‌ಮೆಂಟೇ ನರಕ ಎಂದು ನಾನು ಬರೆಯಲಾರೆ. ಗೇಟಿನ ಆ್ಯಪ್ ಕೇಳುವ ಪ್ರಶ್ನೆಯನ್ನು ವಠಾರ ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಅಷ್ಟೇ. ಅಪ್ಪನ ಶೆಡ್ಡಿನ ಶಟರ್ ಆ ಮಟ್ಟಿಗೆ ದೊಡ್ಡದು. ಅಲ್ಲಿ ಬಂದವರ ಕೈಗೆಲ್ಲ ಒಂದೇ ಮೂಟೆಯ ಕಡ್ಲೆಪುರಿ ಸಿಗುತ್ತಿತ್ತು, ಒಳಗೆಷ್ಟು ದೂರ ಬರಬಹುದು ಎಂಬ ಗೆರೆ ಇರಲಿಲ್ಲ. ನನಗೆ ಮಾದರಿ ಬೇಕಿದ್ದರೆ ಅದು ಅಲ್ಲಿಯೇ ಇದೆ.

ಇದನ್ನೆಲ್ಲ ಯೋಚಿಸಿದ ಮೇಲೆ ನಾನು ಧಾರಾವಾಹಿ ನೋಡುವುದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ನಗಿಸಿದವರ ಋಣ ದೊಡ್ಡದು. ಅಪ್ಪನ ಸಂಬಳಕ್ಕೆ ಕೇಬಲ್ ಕೂಡ ದುಬಾರಿ ಎನ್ನಿಸುತ್ತಿದ್ದ ದಿನಗಳಲ್ಲಿ ದಿನಕ್ಕೆ ಅರ್ಧ ಗಂಟೆ ವಠಾರವನ್ನೆಲ್ಲ ಒಂದೇ ಕಡೆ ಕೂರಿಸಿದ ಕಲಾವಿದರು ಅವರು. ಆದರೆ ಹಬ್ಬದ ದಿನ ಬಾಗಿಲು ಹಾಕಿಕೊಂಡು ಒಬ್ಬಳೇ ನೋಡುವುದನ್ನು ಬಿಟ್ಟಿದ್ದೇನೆ. ದೀಪಾವಳಿಗೆ ಮುಂಬಾಗಿಲು ತೆರೆದೇ ಇಟ್ಟೆ. ಮೊದಲು ಬಂದವರು ಎದುರು ಮನೆಯ ಒಡಿಶಾದ ದಂಪತಿ, ಬಾಗಿಲು ತೆರೆದಿದೆ, ಏನಾದರೂ ತೊಂದರೆಯೇ ಎಂದು ಕೇಳಲು. ತೊಂದರೆ ಏನಿಲ್ಲ, ಬನ್ನಿ ಎಂದೆ. ಕೂತರು. ಊಟ ಮಾಡಿದರು. ಭಾಷೆ ಗೊತ್ತಿಲ್ಲದಿದ್ದರೂ ಪಾಂಡುವಿನ ಅವಸ್ಥೆ ನೋಡಿ ನಕ್ಕರು. ಎಲೆ ಎತ್ತುವಾಗ ಆ ಹೆಂಗಸು ನನ್ನ ಜೊತೆ ಅಡುಗೆಮನೆಗೂ ಬಂದರು.

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಎಲ್ಲವೂ ಹಬ್ಬ ಬಂದರೆ ಖಾಲಿಯಾಗುವ ಜಾಗಗಳು. ಊರು ಇರುವವರು ಬಸ್ ಹಿಡಿದು ಹೋಗುತ್ತಾರೆ. ಉಳಿಯುವವರು ಪಾಳಿ ಇರುವವರು, ಟಿಕೆಟ್ ಸಿಗದವರು, ಗೇಟು ಕಾಯುವವರು, ನಮ್ಮ ಮನೆಗೆ ಊಟ ತಂದುಕೊಡುವವರು. ಈ ಜಾಗಗಳನ್ನು ಕಟ್ಟಿದವರೂ ನಡೆಸುತ್ತಿರುವವರೂ ಬೇರೆ ಊರಿನಿಂದ ಬಂದವರೇ. ಇಲ್ಲಿ ಓನರ್ ಆಂಟಿ ಆಗಲು ಯಾರೋ ಬರುತ್ತಾರೆ ಎಂದು ಕಾದರೆ ಯಾರೂ ಬರುವುದಿಲ್ಲ. ಬಾಗಿಲು ತೆರೆಯುವ ಸರದಿ ಈಗ ನಮ್ಮದು, ಹಿಂದೆ ಯಾರದೋ ಚಾಪೆಯ ಮೇಲೆ ಕೂತು ನಕ್ಕವರದ್ದು.

ಓದುಗರಲ್ಲಿ ನನ್ನದೊಂದು ಬೇಡಿಕೆ ಇದೆ. ನಿಮ್ಮ ಕಂಪನಿಯ ಹೊಸ ವರ್ಷದ ರಜೆಯ ಪಟ್ಟಿ ಬಂದಾಗ ಅದರಲ್ಲಿ ಒಂದು ಹಬ್ಬವನ್ನು ಪಕ್ಕಕ್ಕೆ ಎತ್ತಿಡಿ. ಆವತ್ತು ಊರಿಗೆ ಹೋಗಬೇಡಿ, ಮನೆಯಲ್ಲಿರಿ. ನಿಮ್ಮ ಮಹಡಿಯಲ್ಲಿ ಊರಿಗೆ ಹೋಗದೆ ಉಳಿದವರು ಯಾರು ಎಂದು ವಿಚಾರಿಸಿ, ಹೋಗಿ ಬಾಯಿತುಂಬ ಕರೆಯಿರಿ. ಗೇಟಿನಲ್ಲಿ ಪಾಳಿ ಮುಗಿಸುವವರಿಗೂ ಒಂದು ಎಲೆ ಹಾಕಿ. ಪಾತ್ರೆ ತೊಳೆಯುವ ಕೆಲಸವನ್ನು ಮನೆಯ ಗಂಡಸರೂ ಹಂಚಿಕೊಳ್ಳಲಿ. ನಿಮ್ಮ ಕೈಕೆಳಗೆ ದುಡಿಯುವ ಯಾರಾದರೂ ಆ ದಿನ ಕೆಲಸಕ್ಕೆ ಬಂದಿದ್ದರೆ, ಕಾನೂನು ಹೇಳುವ ಎರಡು ಪಟ್ಟು ಕೂಲಿಯೋ ಬದಲಿ ರಜೆಯೋ ಅವರಿಗೆ ಸಿಕ್ಕಿತೇ ಎಂದು ಕೇಳಿ ತಿಳಿದುಕೊಳ್ಳಿ.